ಬೀಡಿ ಬಿಟ್ಟ ಮೇಲೆ ಅಪ್ಪನ ಕೆಮ್ಮು ಜಾಸ್ತಿಯಾಗಿ ಮತ್ತೆ ಶುರು ಮಾಡಿದ್ದಾರೆ: ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ರೋಗ) ಇರುವವರು ಬಿಡುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಅಪ್ಪನಿಗೆ 61 ವರ್ಷ. ಇಪ್ಪತ್ತರ ಹರೆಯದಿಂದ ಬೀಡಿ ಸೇದುತ್ತಿದ್ದಾರೆ, ಈಗ ದಿನಕ್ಕೆ ಸುಮಾರು 20. ಬೆಳಿಗ್ಗೆ ಹಾಸಿಗೆ ಬಿಟ್ಟ ಐದು ನಿಮಿಷದೊಳಗೆ ಮೊದಲನೆಯದು ಹಚ್ಚಬೇಕು. ತೋಟದ ಏರು ಹತ್ತುವಾಗ ಏದುಸಿರು ಬಂದು ನಿಲ್ಲತೊಡಗಿದ ಮೇಲೆ ಎದೆರೋಗದ ಡಾಕ್ಟರಿಗೆ ತೋರಿಸಿದೆವು. ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ವರದಿಯಲ್ಲಿ ಹೀಗಿದೆ: ಔಷಧ ಎಳೆದ ನಂತರ ಎಫ್‌ಇವಿ1/ಎಫ್‌ವಿಸಿ 0.56 (ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬಂದ ಭಾಗ), ಎಫ್‌ಇವಿ1 (ಆ ಮೊದಲ ಸೆಕೆಂಡಿನ ಗಾಳಿ) 1.35 ಲೀಟರ್, ಇರಬೇಕಾದ್ದರ 54%. ಸಿಒಪಿಡಿ ಎಂದರು. ಎಕ್ಸ್‌ರೇ, ಕಫ ಪರೀಕ್ಷೆ ಆಗಿದೆ, ಕ್ಷಯ ಇಲ್ಲ.

ಕೊಟ್ಟಿರುವ ಔಷಧ: ರೋಟಾಹೇಲರ್‌ನಲ್ಲಿ ಎಳೆಯುವ ಟಯೋಟ್ರೋಪಿಯಂ-ಫಾರ್ಮೊಟೆರಾಲ್ ಕ್ಯಾಪ್ಸೂಲ್ ದಿನಕ್ಕೊಂದು, ಡೆರಿಫಿಲಿನ್ ಮಾತ್ರೆ ದಿನಕ್ಕೆರಡು.

ಹೇಳಿದ ದಿನವೇ ಬೀಡಿ ಬಿಟ್ಟರು. ವಾರ ಕಳೆಯುವಷ್ಟರಲ್ಲಿ ಕೆಮ್ಮು ಹೆಚ್ಚಾಯಿತು, ಕಫ ಇನ್ನೂ ಹೆಚ್ಚು. ಎದೆ ಢವಢವ, ಕೈ ನಡುಕ, ನಿದ್ದೆ ಇಲ್ಲ, ಬೆಳಿಗ್ಗೆ ಮೋಷನ್ ಆಗುವುದಿಲ್ಲ. ಕೆಮ್ಮಿಗೆಂದು ಊರಿನಲ್ಲಿ ಒಂದು ಆಂಟಿಬಯೋಟಿಕ್ ಕೊಟ್ಟರು. 2 ಮಿ.ಗ್ರಾಂ. ನಿಕೋಟಿನ್ ಗಮ್ ತಂದುಕೊಟ್ಟೆ. ಕಾಫಿ ಕುಡಿದವರೇ ಬಾಯಿಗೆ ಹಾಕಿ ಜಗಿದು ಬಿಕ್ಕಳಿಕೆ, ಎದೆಯುರಿ ಬಂದು ಉಗಿದರು. ಈಗ ಮತ್ತೆ ಬೀಡಿ. "ಬಿಟ್ಟಿದ್ದಕ್ಕೇ ಇಷ್ಟೆಲ್ಲ ಆಯ್ತು. ಈ ವಯಸ್ಸಲ್ಲಿ ಇನ್ನು ಬಿಟ್ಟು ಏನಾಗಬೇಕು?" ಅನ್ನುತ್ತಾರೆ. ಅಮ್ಮ ಬೈದಷ್ಟೂ ಕೊಟ್ಟಿಗೆ ಹಿಂದೆ ಹೋಗಿ ಸೇದುತ್ತಾರೆ.

ಈ ಹಂತದಲ್ಲಿ ಬಿಟ್ಟರೆ ನಿಜಕ್ಕೂ ಪ್ರಯೋಜನ ಇದೆಯೇ? ಕೆಮ್ಮು ಯಾಕೆ ಹೆಚ್ಚಾಯಿತು? ಎರಡನೇ ಸಲ ಹೇಗೆ ಮಾಡಬೇಕು?

ಎದೆಗೂಡು

ಮೊದಲು ಪ್ರಯೋಜನದ ಮಾತು. "ಶ್ವಾಸಕೋಶ ಮತ್ತೆ ಸರಿಹೋಗುತ್ತದೆ" ಎಂದು ಮಾತ್ರ ಅಪ್ಪನಿಗೆ ಹೇಳಬೇಡಿ. ಸುಳ್ಳೆಂದು ಅವರಿಗೆ ಬೇಗ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಬೇರೆ ಮಾತೂ ನಂಬುವುದಿಲ್ಲ. ಒಡೆದುಹೋದ ಗಾಳಿಗೂಡುಗಳು ಮತ್ತೆ ಬೆಳೆಯುವುದಿಲ್ಲ. ಬದಲಾಗುವುದು ಇಳಿಯುವ ವೇಗ. ಅಮೆರಿಕ, ಕೆನಡಾದಲ್ಲಿ ನಡೆದ ಲಂಗ್ ಹೆಲ್ತ್ ಸ್ಟಡಿಯಲ್ಲಿ ಆರಂಭದ ಹಾಗೂ ಮಧ್ಯಮ ಹಂತದ ಸಿಒಪಿಡಿ ಇದ್ದವರನ್ನು 11 ವರ್ಷ ಗಮನಿಸಿದರು. ಸೇದುವುದನ್ನು ಮುಂದುವರಿಸಿದ ಗಂಡಸರ ಎಫ್‌ಇವಿ1 ವರ್ಷಕ್ಕೆ ಸುಮಾರು 66 ಮಿ.ಲೀ. ಇಳಿಯಿತು, ಬಿಟ್ಟು ಹಾಗೇ ಉಳಿದವರಲ್ಲಿ ಸುಮಾರು 30 ಮಿ.ಲೀ. ಅಂದರೆ ಬಿಟ್ಟವರದು ವಯಸ್ಸಿಗೆ ಎಲ್ಲರಿಗೂ ಇಳಿಯುವ ವೇಗಕ್ಕೆ ಬಂದು ನಿಂತಿತು.

ಇದನ್ನು ಅಪ್ಪನ 1.35 ಲೀಟರಿಗೆ ಹಚ್ಚಿ ನೋಡಿ. ಇದೇ ಲೆಕ್ಕದಲ್ಲಿ ಹತ್ತು ವರ್ಷಕ್ಕೆ, ಬಿಟ್ಟರೆ 1.05 ಲೀಟರ್ ಆಸುಪಾಸು, ಬಿಡದಿದ್ದರೆ 0.7 ಆಸುಪಾಸು. ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಇದ್ದೇ ಇರುತ್ತದೆ, ಇದು ಅಂದಾಜು ಅಷ್ಟೇ. ಆದರೆ 1 ಲೀಟರ್ ಇರುವವರು ನಿಧಾನಕ್ಕೆ ತೋಟಕ್ಕೆ ಹೋಗಿ ಬರುತ್ತಾರೆ, 0.7ರವರಿಗೆ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲೇ ಉಸಿರು ಸಾಲುವುದಿಲ್ಲ. ಇನ್‌ಹೇಲರ್ ಉಸಿರಾಟ ಸಲೀಸು ಮಾಡುತ್ತದೆ, ರೋಗ ಉಲ್ಬಣಿಸುವುದನ್ನು ಕಡಿಮೆ ಮಾಡುತ್ತದೆ. ಈ ಇಳಿಕೆಯನ್ನು ಅರ್ಧಕ್ಕೆ ತರುವ ಶಕ್ತಿ ಇರುವುದು ಬೀಡಿ ಬಿಡುವುದಕ್ಕೆ. ಬ್ರಿಟಿಷ್ ವೈದ್ಯರನ್ನು 1951ರಿಂದ 50 ವರ್ಷ ಗಮನಿಸಿದ ಅಧ್ಯಯನದಲ್ಲೂ 60ನೇ ವಯಸ್ಸಿನಲ್ಲಿ ಬಿಟ್ಟವರು ಬಿಡದವರಿಗಿಂತ ಸರಾಸರಿ 3 ವರ್ಷ ಹೆಚ್ಚು ಬದುಕಿದರು.

ಈಗ ಕೆಮ್ಮು. ಅಪ್ಪ ಸೋತದ್ದೇ ಇಲ್ಲಿ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಶ್ವಾಸನಾಳದ ಒಳಗೋಡೆಯ ಮೇಲಿರುವ ಸೂಕ್ಷ್ಮ ರೋಮಗಳ ಕೆಲಸ ಕಫವನ್ನು ಮೇಲಕ್ಕೆ ತಳ್ಳುವುದು. ಹೊಗೆ ಅವುಗಳ ಚಲನೆ ಕುಂದಿಸುತ್ತದೆ, ಉದ್ದ ಕುಗ್ಗಿಸುತ್ತದೆ, ಜೊತೆಗೆ ಕಫ ತಯಾರಿಸುವ ಕೋಶಗಳನ್ನು ಹೆಚ್ಚಿಸುತ್ತದೆ. ಬೀಡಿ ನಿಲ್ಲಿಸಿದಾಗ ರೋಮಗಳು ಚೇತರಿಸಿಕೊಂಡು ಕೆಲಸ ಶುರು ಮಾಡುತ್ತವೆ, ಕೆಳಗೆ ಕೂತಿದ್ದ ಕಫ ಮೇಲೆ ಬರುತ್ತದೆ. ಕಫ ತಯಾರಿ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಆದ್ದರಿಂದ ಮೊದಲ ಕೆಲವು ವಾರ ಕೆಮ್ಮು ಹೆಚ್ಚಿದಂತೆ ಕಾಣುವುದು ಸಾಮಾನ್ಯ, ಆಮೇಲೆ ತಾನಾಗಿ ಇಳಿಯುತ್ತದೆ. ಇದನ್ನು ಬಿಡುವ ಮುಂಚೆಯೇ ಹೇಳಿಡಬೇಕು. ಹೇಳಿರದಿದ್ದರೆ ಅಪ್ಪ ಅಂದುಕೊಂಡದ್ದನ್ನೇ ಎಲ್ಲರೂ ಅಂದುಕೊಳ್ಳುತ್ತಾರೆ, ಏಕೆಂದರೆ ಬೀಡಿ ಎಳೆದರೆ ರೋಮ ಮತ್ತೆ ಸ್ತಬ್ಧವಾಗಿ ಕೆಮ್ಮು ನಿಜವಾಗಿಯೂ ಕಡಿಮೆಯಾಗುತ್ತದೆ.

ಎಲ್ಲ ಕೆಮ್ಮೂ ಹೀಗೆ ಅಲ್ಲ. ಕಫದ ಬಣ್ಣ ಹಳದಿ-ಹಸಿರಿಗೆ ತಿರುಗಿ ಉಬ್ಬಸ ಜಾಸ್ತಿಯಾದರೆ, ಜ್ವರ ಬಂದರೆ, ಕಾಲು ಊದಿಕೊಂಡರೆ, ಮಾತಾಡಲೂ ಉಸಿರು ಸಾಲದಿದ್ದರೆ ಅಂದೇ ತೋರಿಸಿ. ಕಫದಲ್ಲಿ ರಕ್ತ ಕಂಡರೆ ಅಥವಾ ತೂಕ ಇಳಿಯುತ್ತಿದ್ದರೆ, ಹಿಂದಿನ ಎಕ್ಸ್‌ರೇ ಚೆನ್ನಾಗಿತ್ತೆಂದು ಸುಮ್ಮನಿರಬೇಡಿ.

ಮದ್ದಿನಂಗಡಿ

ತುಂಗಾತೀರ ಅವರೇ, ಎದೆ ಢವಢವ, ಕೈ ನಡುಕ, ನಿದ್ದೆಗೇಡು ಮೂರೂ ಒಟ್ಟಿಗೆ ಬಂದದ್ದು ಓದಿ ನನಗೆ ಡೆರಿಫಿಲಿನ್ ಮೇಲೆ ಅನುಮಾನ ಬಂತು. ಎಲ್ಲವನ್ನೂ ಬೀಡಿ ಬಿಟ್ಟ ಚಡಪಡಿಕೆ ಎಂದು ತಳ್ಳಿಹಾಕಬೇಡಿ.

ಅದರಲ್ಲಿರುವುದು ಎಟೊಫಿಲಿನ್ ಮತ್ತು ಥಿಯೋಫಿಲಿನ್. ಬೀಡಿ-ಸಿಗರೇಟಿನ ಹೊಗೆಯ ಟಾರ್ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ, ಸೇದುವವರ ದೇಹ ಥಿಯೋಫಿಲಿನ್ ಅನ್ನು ಬೇಗ ಬೇಗ ಕರಗಿಸಿ ಹೊರಹಾಕುತ್ತಿರುತ್ತದೆ. ಹೊಗೆ ನಿಂತು ವಾರವಾಗುವಷ್ಟರಲ್ಲಿ ಕಿಣ್ವ ಮಾಮೂಲಿಗೆ ಬರುತ್ತದೆ. ಮಾತ್ರೆ ಅದೇ, ರಕ್ತದಲ್ಲಿ ನಿಲ್ಲುವ ಪ್ರಮಾಣ ಮಾತ್ರ ಏರುತ್ತದೆ. ಥಿಯೋಫಿಲಿನ್‌ಗೆ ಕೆಲಸ ಮಾಡುವ ಮಟ್ಟಕ್ಕೂ ತೊಂದರೆ ಕೊಡುವ ಮಟ್ಟಕ್ಕೂ ಅಂತರ ಬಹಳ ಕಡಿಮೆ. ವಾಕರಿಕೆ, ನಡುಕ, ಎದೆಬಡಿತ, ನಿದ್ದೆ ಇಲ್ಲದಿರುವುದು ಮೊದಲ ಲಕ್ಷಣಗಳು. ತೀರಾ ಏರಿದರೆ ಹೃದಯದ ಲಯ ತಪ್ಪಬಹುದು, ಫಿಟ್ಸ್ ಬರಬಹುದು. ಬಿಟ್ಟ ಮೊದಲ ವಾರದಲ್ಲೇ ಡೋಸನ್ನು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿಸುವುದು ವಾಡಿಕೆ. ನೀವಾಗಿ ಇಳಿಸಬೇಡಿ, ಬಿಡುವ ದಿನಾಂಕ ಗೊತ್ತಾದ ಕೂಡಲೇ ಡಾಕ್ಟರಿಗೆ ಹೇಳಿ, ಆ ಮಾತ್ರೆ ಬೇಕೇ ಎಂಬುದನ್ನೂ ಕೇಳಿ. ನಿಕೋಟಿನ್ ಗಮ್ ತಿಂದರೂ ಇದು ತಪ್ಪುವುದಿಲ್ಲ, ಕಿಣ್ವ ಕೆರಳಿಸುವುದು ಟಾರ್, ನಿಕೋಟಿನ್ ಅಲ್ಲ.

ಊರಿನಲ್ಲಿ ಕೊಟ್ಟ ಆಂಟಿಬಯೋಟಿಕ್‌ನ ಪಟ್ಟಿ ಹುಡುಕಿ ಹೆಸರು ನೋಡಿ. ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೊಮೈಸಿನ್ ಅಥವಾ ಕ್ಲಾರಿಥ್ರೊಮೈಸಿನ್ ಆಗಿದ್ದರೆ ಅದೂ ಥಿಯೋಫಿಲಿನ್ ಅನ್ನು ಏರಿಸುತ್ತದೆ. ಎರಡೂ ಒಂದೇ ವಾರ ಕೂಡಿದರೆ ಕೈ ನಡುಗುವುದರಲ್ಲಿ ಆಶ್ಚರ್ಯವಿಲ್ಲ. ಫಾರ್ಮೊಟೆರಾಲ್ ಕೂಡ ಕೆಲವರಿಗೆ ನಡುಕ ತರುತ್ತದೆ, ಅದು ಬೀಡಿ ಸೇದಿದರೂ ಬಿಟ್ಟರೂ ಬರಬಹುದು.

ಕಾಫಿಯದೂ ಇದೇ ಕಥೆ. ಕೆಫೀನ್ ಕರಗಿಸುವುದೂ ಅದೇ ಕಿಣ್ವ. ಬೀಡಿ ಬಿಟ್ಟ ಮೇಲೆ ದಿನಕ್ಕೆ ನಾಲ್ಕು ಲೋಟ ಕುಡಿಯುವವರಿಗೆ ಹೆಚ್ಚುಕಡಿಮೆ ಎಂಟು ಲೋಟದ ಪರಿಣಾಮ. ಆ ವಾರದಿಂದ ಕಾಫಿ ಅರ್ಧಕ್ಕೆ ಇಳಿಸಿ, ಸಂಜೆ ನಾಲ್ಕರ ಮೇಲೆ ಬೇಡ.

ಗಮ್: ಅದು ಜಗಿಯುತ್ತಲೇ ಇರುವ ಚೂಯಿಂಗ್ ಗಮ್ ಅಲ್ಲ. ನಿಕೋಟಿನ್ ಒಳಹೋಗಬೇಕಾದ್ದು ಕೆನ್ನೆಯ ಒಳಪದರದಿಂದ. ನಿಧಾನಕ್ಕೆ ಜಗಿಯಿರಿ, ಖಾರ ಅಥವಾ ಚುರುಚುರು ಅನಿಸಿದ ತಕ್ಷಣ ನಿಲ್ಲಿಸಿ ಕೆನ್ನೆ-ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಚುರು ಹೋದ ಮೇಲೆ ಮತ್ತೆ ಎರಡು ಸಲ ಜಗಿದು ಬೇರೆ ಕಡೆ ಇಡಿ. ಹೀಗೆ 30 ನಿಮಿಷ. ಒಂದೇ ಸಮ ಜಗಿದರೆ ನಿಕೋಟಿನ್ ಎಂಜಲಿನೊಂದಿಗೆ ಹೊಟ್ಟೆಗೆ ಹೋಗುತ್ತದೆ, ಬಿಕ್ಕಳಿಕೆ, ಎದೆಯುರಿ ಬರುವುದು ಅದಕ್ಕೇ, ಕಡುಬಯಕೆಯೂ ತಣಿಯುವುದಿಲ್ಲ. ಕಾಫಿ, ನಿಂಬೆ ಪಾನಕ, ಸೋಡಾ ಬಾಯಿಯನ್ನು ಆಮ್ಲೀಯ ಮಾಡುವುದರಿಂದ ನಿಕೋಟಿನ್ ಒಳಸೇರದು. 15 ನಿಮಿಷ ಮುಂಚೆಯಿಂದ ನೀರು ಬಿಟ್ಟು ಏನೂ ಬೇಡ. ಕಟ್ಟಿಸಿದ ಹಲ್ಲಿದ್ದರೆ ಗಮ್ ಅಂಟುತ್ತದೆ, ಚೀಪುವ ಲಾಜೆಂಜ್ ತೆಗೆದುಕೊಳ್ಳಿ.

ಅಪ್ಪನಿಗೆ 2 ಮಿ.ಗ್ರಾಂ. ಕಡಿಮೆಯಾಯಿತು ಅಂತಲೂ ನನ್ನ ಅಭಿಪ್ರಾಯ. ಎದ್ದ 30 ನಿಮಿಷದೊಳಗೆ ಮೊದಲನೆಯದನ್ನು ಹಚ್ಚುವವರಿಗೆ 4 ಮಿ.ಗ್ರಾಂ. ಬೇಕಾಗುತ್ತದೆ, ಅದಕ್ಕೆ ಡಾಕ್ಟರ ಚೀಟಿ ಬೇಕು.

ಧಾರವಾಡ_ಸಮಾಲೋಚಕ

ಮೊದಲ ಅಮ್ಮಾರಿಗೆ ಬೈಯೋದು ನಿಲ್ಲಸ್ಲಿಕ್ಕೆ ಹೇಳ್ರಿ. ಸಿಟ್ಟಿನಿಂದ ಹೇಳ್ತಿಲ್ಲ ಅಂತ ನಮಗೂ ಗೊತ್ತದ. ಆದ್ರ ಬೈಸಿಕೊಂಡ ಮನಷಾ ಮೊದಲ ಮಾಡೋದು ತನ್ನ ಬೀಡಿ ಪರವಾಗಿ ವಾದ. ದಿನಾ ವಾದ ಮಾಡಿದಷ್ಟೂ ಅದು ಅವರಿಗೇ ಖರೆ ಅನ್ಸಲಿಕ್ಕೆ ಹತ್ತತದ.

ಬದಲಿಗೆ ಎರಡು ಪ್ರಶ್ನೆ ಕೇಳ್ರಿ, ಸಮಾಧಾನದಿಂದ, ಅವರು ಸೇದಲಾರದ ಹೊತ್ತಿನ್ಯಾಗ. "ಬಿಡೋದು ನಿಮಗ ಎಷ್ಟು ಮುಖ್ಯ ಅನಸ್ತದ, ಹತ್ತಕ್ಕ ಎಷ್ಟು?" ನಾಕು ಅಂದ್ರ, "ಯಾಕ ಇಷ್ಟ ಕಡಿಮಿ" ಅನಬ್ಯಾಡ್ರಿ. "ಒಂದೋ ಎರಡೋ ಅನಲಿಲ್ಲಲ್ಲ, ನಾಕು ಯಾಕಂದ್ರಿ?" ಅಂತ ಕೇಳ್ರಿ. ಆಗ ಬಿಡಬೇಕು ಅನ್ನೋ ಕಾರಣ ಅವರ ಬಾಯಿಂದನ ಬರ್ತದ: ಏರು ಹತ್ತಲಿಕ್ಕೆ ಆಗವಲ್ದು, ಮೊಮ್ಮಗಳು ವಾಸನಿ ಅಂತ ದೂರ ಹೋಗ್ತಾಳ, ಏನರೆ ಇರಬಹುದು. ಆ ಕಾರಣಾನ ನೆನಪಿಟ್ಟುಕೊಳ್ರಿ, ನಿಮ್ಮದನ್ನ ಹೇರಬ್ಯಾಡ್ರಿ. ಆಮ್ಯಾಲೆ ಎರಡನೇದು: "ಬಿಡಬೇಕಂದ್ರ ಬಿಡ್ತೀನಿ ಅನ್ನೋ ಧೈರ್ಯ ಹತ್ತಕ್ಕ ಎಷ್ಟು?" ಒಮ್ಮೆ ಬಿಟ್ಟು ಸೋತವರೊಳಗ ಮೊದಲನೇದು ಎಂಟು, ಎರಡನೇದು ಎರಡು ಇರೋದು ಬಾಳ ಸಾಮಾನ್ಯ. ಅಂಥವರಿಗೆ ರೋಗದ ಅಂಜಿಕಿ ಇನ್ನಷ್ಟು ತುಂಬಿದ್ರ ಉಪಯೋಗಿಲ್ಲ. ಹೋದ ಸಲ ಏನು ಕೈಕೊಡ್ತು ಅಂತ ಕೂತು ನೋಡಿ, ಅದನ್ನ ಸರಿಮಾಡಿ ಕೊಡಬೇಕು.

ಇನ್ನೊಂದು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನ್ಯಾಗ 561 ಮಂದಿ ಮ್ಯಾಲೆ ಮಾಡಿದ ಪ್ರಯೋಗ 2008ರಾಗ ಬಂತು. ಸ್ಪೈರೋಮೆಟ್ರಿ ಫಲಿತಾಂಶಾನ ಬರೇ ಲೀಟರಿನ್ಯಾಗ ಹೇಳಿದವರೊಳಗ ವರ್ಷದ ಮ್ಯಾಲೆ 6.4% ಬಿಟ್ಟಿದ್ರು, 'ನಿಮ್ಮ ಶ್ವಾಸಕೋಶದ ವಯಸ್ಸು ಇಷ್ಟು' ಅಂತ ಚಿತ್ರ ತೋರಿಸಿ ಹೇಳಿದವರೊಳಗ 13.6%. ವಯಸ್ಸು ಕೆಟ್ಟದ್ದು ಬಂದವರ ಹೆಚ್ಚು ಬಿಟ್ರು ಅಂತೇನಿಲ್ಲ, ಛಲೋ ಬಂದವರೂ ಅಷ್ಟ ಬಿಟ್ಟಿದ್ರು. ಅಂದ್ರ ತಿಳಿಯೋ ಹಂಗ ಹೇಳಿದ್ದು ಕೆಲಸ ಮಾಡ್ತು. ನೀವು ಮೊಬೈಲಿನ್ಯಾಗ ಆ ವಯಸ್ಸು ಲೆಕ್ಕ ಹಾಕಲಿಕ್ಕೆ ಹೋಗಬ್ಯಾಡ್ರಿ, ಸೂತ್ರ ಪಾಶ್ಚಾತ್ಯರ ಅಳತಿಗೆ ಮಾಡಿದ್ದು, ನಮ್ಮವರಿಗೆ ಸುಮ್ಮನ ಹೆಚ್ಚು ತೋರಿಸ್ತದ. ಮ್ಯಾಲೆ ಎದೆಗೂಡು ಅವರು ಕೊಟ್ಟ 1.05 ಮತ್ತ 0.7ರ ಲೆಕ್ಕಾನ ಹಾಳಿ ಮ್ಯಾಲೆ ಎರಡು ಗೆರಿ ಎಳೆದು ತೋರಸ್ರಿ.

ಇನ್ನ ತಯಾರಿ. ಹೋದ ಸಲ ಹೇಳಿದ ದಿನಾನ ಬಿಟ್ರು, ತಯಾರಿ ಇರಲಿಲ್ಲ. ಈ ಸಲ ಒಂದೆರಡು ವಾರ ಮುಂದಿನ ಒಂದು ದಿನ ಅವರಿಂದನ ಆರಿಸರಿ. ಅಲ್ಲಿತನಕ ಯಾವ ಹೊತ್ತಿಗೆ, ಯಾವುದರ ಜೋಡಿ ಸೇದತಾರ ಅಂತ ಬರಕೊಳ್ಳಲಿ. ಸಾಮಾನ್ಯ ಬರೋದು: ಎದ್ದ ಕೂಡಲೆ, ಕಾಫಿ ಜೋಡಿ, ಊಟ ಆದ ಮ್ಯಾಲೆ, ಸಂಡಾಸಕ್ಕ ಹೋಗೂ ಮುಂದ.

ಸಂಡಾಸದ ವಿಷಯ ಯಾರೂ ನಾಚಿಕಿಂದ ಕೇಳೂದಿಲ್ಲ, ಆದ್ರ ಎಷ್ಟೋ ಮಂದಿ ಅದಕ್ಕನ ವಾಪಸ್ ಹೋಗ್ತಾರ. ನಿಕೋಟಿನ್ ಕರುಳನ್ನ ಓಡಸ್ತದ. ನಿಂತ ಮ್ಯಾಲೆ ಕೆಲವು ವಾರ ಮಲಬದ್ಧತಿ ಆಗ್ತದ. ಬಿಡೋ ದಿನಕ್ಕಿಂತ ಎರಡು-ಮೂರು ದಿನ ಮೊದಲಿಂದನ ರಾತ್ರಿ ಒಂದೆರಡು ಚಮಚ ಇಸಬ್ಗೋಲ್ ಒಂದು ದೊಡ್ಡ ಲೋಟ ನೀರಿನ್ಯಾಗ, ಮುಂಜಾನೆ ಎದ್ದು ಬಿಸಿನೀರು. ನೀರು ಕಡಿಮಿ ಕುಡಿದ್ರ ಇಸಬ್ಗೋಲ್ ಉಲ್ಟಾ ಹೊಡೀತದ.

ಕಡುಬಯಕಿ ಒಂದೊಂದು ಸಲ ಮೂರರಿಂದ ಐದು ನಿಮಿಷ ಇರ್ತದ, ಮೊದಲ ಎರಡು-ಮೂರು ದಿನ ಜೋರು. ಆ ಐದು ನಿಮಿಷಕ್ಕ ಏನು ಮಾಡಬೇಕು ಅಂತ ಮೊದಲ ಗೊತ್ತು ಮಾಡಿಡ್ರಿ: ಜಾಗ ಬಿಟ್ಟು ಏಳೂದು, ನೀರು ಕುಡಿಯೂದು, ಬಾಯಾಗ ಸೋಂಪು ಇಲ್ಲಾ ಲವಂಗ. ಎಲಿ-ಅಡಿಕಿ ಬ್ಯಾಡ, ನಿಮ್ಮ ಕಡೆ ಇದೊಂದು ದೊಡ್ಡ ಜೋಖಮಿ. ಹೊಗೆಸೊಪ್ಪು ಇರಲಾರದಿದ್ರೂ ಅಡಿಕಿ ಬಾಯಿ ಕ್ಯಾನ್ಸರ್ ತರ್ತದ. ಬಚ್ಚಲ ಒಲಿಗೆ ಉರಿ ಹಾಕೋ ಕೆಲಸಾನೂ ಮನ್ಯಾಗ ಬ್ಯಾರೆಯವರು ತಗೊಳ್ರಿ. ಆ ಕಟಗಿ ಹೊಗಿನೂ ಅದ ಶ್ವಾಸಕೋಶಕ್ಕ ಹೋಗೂದು, ಬೀಡಿ ಹಚ್ಚಲಿಕ್ಕೆ ಕೊಳ್ಳಿನೂ ಅಲ್ಲೇ ಸಿಗ್ತದ.

1800-11-2356 ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಕರೆ ಉಚಿತ. ಸಿಗರೇಟ್ ಪ್ಯಾಕಿನ ಮ್ಯಾಲೆ ಅಚ್ಚಾಗಿರೋದೂ ಅದ ನಂಬರ್. ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಾಗ ಮಾತಾಡ್ತಾರ, ಮುಂದ ಅವರ ತಿರುಗಿ ಕರೆ ಮಾಡಿ ವಿಚಾರಿಸ್ತಾರ. ಜಿಲ್ಲಾ ಆಸ್ಪತ್ರಿಯ ತಂಬಾಕು ವ್ಯಸನಮುಕ್ತಿ ಕೇಂದ್ರದಾಗ ಎದುರಾ ಎದುರು ಕೂತು ಮಾತಾಡಬಹುದು.

ಕಾಳುಮೆಣಸು

ಒಂದೇ ಸಲ ಬಿಡಿಸುವ ಬದಲು 20ರಿಂದ 4ಕ್ಕೆ ಇಳಿಸಿ ಅಲ್ಲೇ ನಿಲ್ಲಿಸಿದರೆ ಸಾಲದೇ? ಹಿರಿಯರಿಗೆ ಅಷ್ಟು ಹಿಂಸೆ ಯಾಕೆ? ಇ-ಸಿಗರೇಟ್ ಆದೀತೇ?

ಎದೆಗೂಡು

ನಾಲ್ಕರಲ್ಲಿ ನಿಲ್ಲುವುದು ಕಷ್ಟ, ನಿಂತರೂ ಲಾಭ ಸ್ವಲ್ಪ. ನಿಕೋಟಿನ್ ಬೇಕಾದ ದೇಹ ನಾಲ್ಕನ್ನೇ ಆಳವಾಗಿ, ತುದಿಯವರೆಗೂ ಎಳೆದುಕೊಳ್ಳುತ್ತದೆ. ಬೀಡಿಯಲ್ಲಿ ಇದು ಇನ್ನೂ ಹೆಚ್ಚು: ಎಲೆ ಸುಲಭಕ್ಕೆ ಉರಿಯುವುದಿಲ್ಲ, ಆರದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಲೇಬೇಕು. ತಂಬಾಕು ಸಿಗರೇಟಿಗಿಂತ ಕಡಿಮೆ ಇದ್ದರೂ ಕಾರ್ಬನ್ ಮಾನಾಕ್ಸೈಡ್, ಟಾರ್ ಕಡಿಮೆಯಾಗದಿರುವುದು ಅದಕ್ಕೇ. ಹೃದಯದ ಲೆಕ್ಕ ಇನ್ನೂ ಕಟು. ದಿನಕ್ಕೆ ಒಂದೇ ಸಿಗರೇಟ್ ಸೇದುವವರಿಗೂ 20 ಸೇದುವವರ ಹೆಚ್ಚುವರಿ ಹೃದ್ರೋಗ ಅಪಾಯದ ಅರ್ಧದಷ್ಟು ಇರುತ್ತದೆ ಎಂದು 2018ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ತೋರಿಸಿತು. ಗೊತ್ತು ಮಾಡಿದ ದಿನ ಪೂರ್ತಿ ನಿಲ್ಲಿಸುವುದು, ಎರಡು ವಾರ ಇಳಿಸುತ್ತಾ ಬಂದು ನಿಲ್ಲಿಸುವುದು ಎರಡನ್ನೂ ಹೋಲಿಸಿದ 2016ರ ಪ್ರಯೋಗದಲ್ಲಿ ನಾಲ್ಕು ವಾರದ ನಂತರ ಕ್ರಮವಾಗಿ 49%, 39% ಜನ ಬಿಟ್ಟ ಸ್ಥಿತಿಯಲ್ಲಿದ್ದರು.

ಇ-ಸಿಗರೇಟಿನ ತಯಾರಿಕೆ, ಮಾರಾಟ ಭಾರತದಲ್ಲಿ 2019ರ ಕಾಯ್ದೆಯಿಂದ ನಿಷೇಧ. ಕದ್ದು ಮಾರುವುದರೊಳಗೆ ಏನಿದೆಯೋ ಹೇಳಲಾಗದು, ಈ ಶ್ವಾಸಕೋಶಕ್ಕಂತೂ ಬೇಡ.

ಉಸಿರು_ತಾಲೀಮು

ಫಿಸಿಯೋಥೆರಪಿ ಕಡೆಯಿಂದ ಕೆಲವು ಮಾತು. ಬಿಟ್ಟ ಮೇಲೆ ಬರುವ ಕಫವನ್ನು ಸಿರಪ್ ಕೊಟ್ಟು ಅಡಗಿಸಬೇಡಿ, ಹೊರಗೆ ತರಿಸಿ. ಡಾಕ್ಟರ್ ಬೇಗ ಕೆಲಸ ಮಾಡುವ ಪಂಪ್ ಕೊಟ್ಟಿದ್ದರೆ ಅದನ್ನು ತೆಗೆದುಕೊಂಡ 10-15 ನಿಮಿಷದ ಮೇಲೆ ಹೀಗೆ ಮಾಡಿಸಿ. ನೇರ ಕೂತು ಒಂದು ನಿಮಿಷ ಹಗುರ ಉಸಿರಾಟ. ನಂತರ ಮೂರು-ನಾಲ್ಕು ಆಳ ಉಸಿರು, ಪ್ರತಿ ಸಲ 2-3 ಸೆಕೆಂಡ್ ಹಿಡಿದು ಮೆಲ್ಲಗೆ ಬಿಡುವುದು. ಮತ್ತೆ ಹಗುರ ಉಸಿರಾಟ. ಆಮೇಲೆ ಬಾಯಿ ತೆರೆದು, ಕನ್ನಡಕದ ಗಾಜು ಒರೆಸುವ ಮುಂಚೆ 'ಹಾ' ಎಂದು ಉಸಿರು ಬಿಡುತ್ತೇವಲ್ಲ, ಹಾಗೆ ಹೊಟ್ಟೆಯಿಂದ ಒಂದೆರಡು ಸಲ ಜೋರಾಗಿ ಬಿಡುವುದು. ಕಫ ಗಂಟಲ ಹತ್ತಿರ ಬಂದಾಗ ಮಾತ್ರ ಕೆಮ್ಮಿ ಉಗುಳಬೇಕು. ಒಂದರ ಮೇಲೊಂದು ಕೆಮ್ಮಿದರೆ ಸಣ್ಣ ನಾಳಗಳು ಮುಚ್ಚಿಕೊಂಡು ಕಫ ಒಳಗೇ ಉಳಿಯುತ್ತದೆ, ಸುಸ್ತು ಬೇರೆ. ಬೆಳಿಗ್ಗೆ, ಸಂಜೆ ಹತ್ತು ನಿಮಿಷ ಸಾಕು.

ರೋಟಾಹೇಲರ್ ಎಳೆಯುವುದನ್ನು ಕಣ್ಣಾರೆ ನೋಡಿ. ಮೊದಲು ಸಾಧನದಿಂದ ಮುಖ ತಿರುಗಿಸಿ ಉಸಿರು ಪೂರ್ತಿ ಬಿಡಬೇಕು. ಅದರೊಳಗೆ ಊದಿದರೆ ಪುಡಿ ಒದ್ದೆಯಾಗುತ್ತದೆ. ತುಟಿ ಬಿಗಿ ಮುಚ್ಚಿ, ಮೊದಲಿನಿಂದಲೇ ಜೋರಾಗಿ ಆಳಕ್ಕೆ ಎಳೆದು 10 ಸೆಕೆಂಡ್ ಹಿಡಿಯಬೇಕು. ಕ್ಯಾಪ್ಸೂಲ್‌ನಲ್ಲಿ ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಲಿ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಪುಡಿ ಗಟ್ಟಿಕಟ್ಟಿ ಅರ್ಧ ಔಷಧವೂ ಒಳಹೋಗದು. ತೊಳೆದ ಸಾಧನ ಪೂರ್ತಿ ಒಣಗಿರಬೇಕು. ಇನ್‌ಹೇಲರ್ ಚಟವಾಗುತ್ತದೆ ಎಂದು ಯಾರಾದರೂ ಅವರಿಗೆ ಹೇಳಿದ್ದರೆ ಆ ಭಯ ಬಿಡಿಸಿ.

ಏರು ಹತ್ತುವಾಗ ಮೂಗಿನಿಂದ ಎರಡು ಎಣಿಸುವಷ್ಟು ಉಸಿರು ಒಳಗೆ, ತುಟಿ ದುಂಡಗೆ ಮಾಡಿ ನಾಲ್ಕು ಎಣಿಸುವಷ್ಟು ಹೊರಗೆ. ಏದುಸಿರು ಬರುತ್ತದೆಂದು ಕೂರಿಸಬೇಡಿ, ತೊಡೆಯ ಸ್ನಾಯು ಸೊರಗಿದಷ್ಟೂ ಉಬ್ಬಸ ಬೇಗ ಬರುತ್ತದೆ. ಮಾತಾಡುತ್ತಾ ನಡೆಯಬಹುದಾದ ವೇಗದಲ್ಲಿ ದಿನಕ್ಕೆ ಎರಡು ಸಲ 10 ನಿಮಿಷದಿಂದ ಶುರು ಮಾಡಿ, ವಾರಕ್ಕೆ ಎರಡೆರಡು ನಿಮಿಷ ಹೆಚ್ಚಿಸಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಊರಿನ ಚೀಟಿ ಸಿಕ್ಕಿತು, ಸಿಪ್ರೊಫ್ಲಾಕ್ಸಾಸಿನ್ ಎಂದೇ ಇದೆ. ಅಪ್ಪನಿಗೆ ಓದಿ ಹೇಳಿದೆ, "ಹಂಗಾರೆ ನಡುಕ ಬೀಡಿ ಬಿಟ್ಟಿದ್ದರಿಂದ ಅಲ್ವಾ?" ಎಂದು ಎರಡು ಸಲ ಕೇಳಿದರು. ಮುಂದಿನ ವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ಪ್ಯಾಚ್, ಗಮ್, ಮಾತ್ರೆ, ಇದರಲ್ಲಿ ಏನು ಕೇಳಬೇಕು? ಗಮ್‌ಗೇ ಅಂಟಿಕೊಂಡರೆ?

ಎದೆಗೂಡು

ಎರಡು ದಾರಿ ಇವೆ, ಎರಡನ್ನೂ ಕೇಳಿ.

ಒಂದು, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಮತ್ತು ಗಮ್ ಜೊತೆಯಾಗಿ. ಒಂದನ್ನೇ ಬಳಸುವುದಕ್ಕಿಂತ ಇದರಲ್ಲಿ ಯಶಸ್ಸು ಹೆಚ್ಚು. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ ಸಾಮಾನ್ಯವಾಗಿ 21 ಮಿ.ಗ್ರಾಂ. ಪ್ಯಾಚ್ 6 ವಾರ, 14 ಮಿ.ಗ್ರಾಂ. 2 ವಾರ, 7 ಮಿ.ಗ್ರಾಂ. 2 ವಾರ. ಬೆಳಿಗ್ಗೆ ತೋಳು ಅಥವಾ ಬೆನ್ನಿನ ಒಣ, ರೋಮವಿಲ್ಲದ ಜಾಗದಲ್ಲಿ ಅಂಟಿಸಿ, ದಿನಾ ಜಾಗ ಬದಲಿಸಿ. ಕೆಟ್ಟ ಕನಸು ಬಂದರೆ ಮಲಗುವಾಗ ತೆಗೆಯಿರಿ. ಪ್ಯಾಚ್ ತಳಮಟ್ಟ ಕಾಯುತ್ತದೆ, ನಡುವೆ ಎದ್ದ ಬಯಕೆಗೆ ಗಮ್. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ ಮುಂಚೆ ಹೇಳಿ.

ಇನ್ನೊಂದು, ಸೇದುವ ಬಯಕೆ ತಗ್ಗಿಸುವ ವರೆನಿಕ್ಲಿನ್ ಮಾತ್ರೆ. ಬಿಡುವ ದಿನಕ್ಕೆ ಒಂದು ವಾರ ಮುಂಚೆ ಶುರು: ಮೊದಲ 3 ದಿನ 0.5 ಮಿ.ಗ್ರಾಂ. ಒಂದು ಹೊತ್ತು, 4ರಿಂದ 7ನೇ ದಿನ ಅದೇ ಎರಡು ಹೊತ್ತು, 8ನೇ ದಿನದಿಂದ 1 ಮಿ.ಗ್ರಾಂ. ಎರಡು ಹೊತ್ತು, ಒಟ್ಟು 12 ವಾರ. ಬರಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ; ಊಟವಾದ ಮೇಲೆ ದೊಡ್ಡ ಲೋಟ ನೀರಿನೊಂದಿಗೆ ಕೊಡಿ. ಮೂತ್ರಪಿಂಡ ತೀರಾ ದುರ್ಬಲವಾಗಿದ್ದರೆ ಡೋಸ್ ಅರ್ಧ, ಆದ್ದರಿಂದ ಕ್ರಿಯಾಟಿನಿನ್ ವರದಿ ಒಯ್ಯಿರಿ. ಮಾನಸಿಕ ತೊಂದರೆ ತರುತ್ತದೆಂಬ ಹಳೆಯ ಭಯವನ್ನು ಸುಮಾರು 8,000 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಎತ್ತಿಹಿಡಿಯಲಿಲ್ಲ. ಆದರೂ ಮನಸ್ಸು ತೀರಾ ಕುಗ್ಗಿದರೆ ತಕ್ಷಣ ತಿಳಿಸಿ.

ಗಮ್ ಚಟದ ಚಿಂತೆ ಸದ್ಯ ಬೇಡ. ಹೊಗೆಯ ನಿಕೋಟಿನ್ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ, ಚಟ ಹಿಡಿಸುವುದು ಆ ವೇಗ. ಗಮ್‌ನದು ನಿಧಾನ. ಮೊದಲ 6 ವಾರ ಗಂಟೆ-ಎರಡು ಗಂಟೆಗೊಂದು, ನಂತರ 3 ವಾರ 2-4 ಗಂಟೆಗೊಂದು, ಕೊನೆಯ 3 ವಾರ 4-8 ಗಂಟೆಗೊಂದು. ಪ್ಯಾಚ್ ಜೊತೆಗಿದ್ದರೆ ಇದಕ್ಕಿಂತ ಕಡಿಮೆ ಸಾಕಾಗುತ್ತದೆ. ಯಾರಾದರೂ ಇನ್ನಷ್ಟು ತಿಂಗಳು ಮುಂದುವರಿಸಿದರೂ ಶ್ವಾಸಕೋಶಕ್ಕೆ ಹೊಗೆ ಹೋಗುವುದಿಲ್ಲ.

ನಡುವೆ ಒಂದು ಬೀಡಿ ಸೇದಿಬಿಟ್ಟರೆ ಪ್ಯಾಚ್ ಕಿತ್ತು ಹಾಕಬೇಡಿ, ಔಷಧ ನಿಲ್ಲಿಸಬೇಡಿ. ಆ ದಿನವೇ ಮುಂದುವರಿಸಿ.

ಹೋಗುವಾಗ ಡೆರಿಫಿಲಿನ್ ಪಟ್ಟಿ, ಊರಿನ ಚೀಟಿ, ರೋಟಾಹೇಲರ್ ಮೂರೂ ಚೀಲದಲ್ಲಿರಲಿ. ನಡುಕ, ಎದೆಬಡಿತ ಈಗಲೂ ಇದ್ದರೆ ಮುಂದಿನ ವಾರದವರೆಗೆ ಕಾಯದೆ ಇವತ್ತೇ ಫೋನ್ ಮಾಡಿ ಕೇಳಿ. ಬೀಡಿ ಮತ್ತೆ ಶುರುವಾಗಿರುವುದರಿಂದ ಈಗ ಥಿಯೋಫಿಲಿನ್ ಮಟ್ಟ ಇಳಿದಿರಬಹುದು, ಹಾಗಾಗಿ ಡೋಸ್ ಬದಲಾವಣೆ ಬಿಡುವ ದಿನಕ್ಕೆ ಹೊಂದಿಸಿ ಆಗಬೇಕು. ಫ್ಲೂ ಮತ್ತು ನ್ಯೂಮೋಕಾಕಲ್ ಲಸಿಕೆ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿ. ಮುಂದಿನ ಸ್ಪೈರೋಮೆಟ್ರಿಯಲ್ಲಿ 54% ಎನ್ನುವುದು 70% ಆಗಿರುವುದಿಲ್ಲ, ಅದನ್ನು ಅಪ್ಪನಿಗೆ ಈಗಲೇ ಹೇಳಿಡಿ. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆಯುತ್ತಾರೆ ಎಂಬುದನ್ನು ಈ ಭೇಟಿಯಲ್ಲಿ ಅಳೆಸಿ ಬರೆಸಿಕೊಳ್ಳಿ, ಮೂರು ತಿಂಗಳ ನಂತರ ಅದೇ ಪರೀಕ್ಷೆ ಮತ್ತೆ ಮಾಡಿಸಿ ಎರಡನ್ನೂ ಅವರಿಗೆ ತೋರಿಸಿ.